ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಪದೇಪದೇ ಮಕ್ಕೊಳ್ತೈತೇನ್ರಿ? ಸ್ಲೀಪ್ ಸೆಟ್ಟಿಂಗ್ ಹಿಂಗ ಸರಿ ಮಾಡ್ಕೊಳ್ರಿ

ಕೊಪ್ಪಳದಾಗ ನಂದೊಂದು ಫ್ಲೆಕ್ಸ್ ಮತ್ತ ಡಿಟಿಪಿ ಅಂಗಡಿ ಐತ್ರಿ. ಮದುವಿ ಕಾರ್ಡು, ಬರ್ತ್‌ಡೇ ಬ್ಯಾನರು, ಪಂಚಾಯ್ತಿ ಬೋರ್ಡು, ಎಲ್ಲಾ ಡಿಸೈನ್ ಫೈಲೂ ಒಂದು 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಾಗ ಇಟ್ಟೀನಿ, ಯಾಕಂದ್ರ ಗಿರಾಕಿ ಎರಡು ವರ್ಷ ಬಿಟ್ಟು ಬಂದು "ಅವತ್ತು ಮಾಡಿ ಕೊಟ್ಟಿದ್ರಲ್ಲ, ಅದನ್ನ ಹೆಸರು ಬದಲಿಸಿ ಕೊಡ್ರಿ" ಅಂತಾರ, ಆವಾಗ ಹಳೇ ಫೈಲ್ ಬೇಕ ಬೇಕು.

ಒಂದ್ ವರ್ಷ ಜನವರಿಯಾಗ ಗವಿಮಠದ ಜಾತ್ರಿ ವಾರ. ಅಂಗಡಿ ಮುಂದ ಜನ ನಿಂತಿದ್ರು, ಯಲಬುರ್ಗಾ ಕಡೆಯವರೊಬ್ರು 10 ಬೈ 6 ಬ್ಯಾನರ್ ಕೇಳಿದ್ರು, ನಾನು ಕೋರಲ್ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಾಗ ಓಪನ್ ಒತ್ತಿದೆ, ಸ್ಕ್ರೀನ್ ಬೆಳ್ಳಗಾತು, ಮ್ಯಾಲೆ "ನಾಟ್ ರೆಸ್ಪಾಂಡಿಂಗ್" ಅಂತ ಬಂತು. ನಮ್ಮ ಹುಡುಗ "ಅಣ್ಣಾ, ಹ್ಯಾಂಗ್ ಆಗೈತಿ" ಅಂದ. "ತಡಿಯೋ" ಅನ್ನೋದ್ರೊಳಗ ಡ್ರೈವ್ ಕೇಬಲ್ ಕಿತ್ತು ಮತ್ತ ಚುಚ್ಚಿಬಿಟ್ಟ. ಡ್ರೈವ್ ಬಂತು, ಆದ್ರ "ಫಾರ್ಮ್ಯಾಟ್ ಮಾಡ್ಬೇಕು" ಅನ್ನೋ ಮೆಸೇಜ್ ಜೊತಿಗೆ ಬಂತು. ಫಾರ್ಮ್ಯಾಟ್ ಒತ್ತಲಿಲ್ಲ, ರಾತ್ರಿ ಕೂತು ರಿಕವರಿ ಸಾಫ್ಟ್‌ವೇರ್ ಹಾಕಿ ಬಹಳಷ್ಟು ಫೈಲ್ ತಗದ್ವಿ, ಆದ್ರ ಒಂದು ಫೋಲ್ಡರ್ ಪೂರಾ ಹೋತು. ಹುಡುಗಂದು ತಪ್ಪಿಲ್ಲ, ಅವಂಗ ಯಾರೂ ಹೇಳಿಕೊಟ್ಟಿದ್ದಿಲ್ಲ. ಡ್ರೈವ್ ಹ್ಯಾಂಗ್ ಆಗಿದ್ದಿಲ್ಲ, ಮಕ್ಕೊಂಡಿತ್ತು, ಏಳಾಕತ್ತಿತ್ತು ಅಷ್ಟ.

ಅದಕ್ಕ ಈ ಲೇಖನ. ನನ್ನಂಗ ಸ್ಟುಡಿಯೋ, ಡಿಟಿಪಿ, ಅಕೌಂಟ್ಸ್ ಕೆಲಸ ಮಾಡೋರು, ಮಕ್ಕಳ ಫೋಟೋ ಎಲ್ಲಾ ಒಂದ ಡ್ರೈವ್‌ನಾಗ ತುಂಬಿಟ್ಟೋರು, ಸ್ವಲ್ಪ ಟೈಮ್ ಕೊಟ್ಟು ಓದ್ರಿ, ಓದಿ ನಿಮ್ಮ ಕಂಪ್ಯೂಟರ್ ಮುಂದ ಕೂತು ಮಾಡ್ರಿ.

ಮೊದಲು ಒಳಗ ಏನಾಗತೈತಿ ನೋಡ್ರಿ

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಳಗ ಕನ್ನಡಿಯಂಥ ತಟ್ಟಿ ಇರ್ತೈತಿ, ಪಾಕೆಟ್ ಸೈಜಿನ ಬಹಳಷ್ಟು ಡ್ರೈವ್‌ನಾಗ ಅದು ನಿಮಿಷಕ್ಕ 5400 ಸುತ್ತು ತಿರುಗತೈತಿ. ಸ್ವಲ್ಪ ಹೊತ್ತು ಯಾರೂ ಕೆಲಸ ಹೇಳಲಿಲ್ಲಂದ್ರ ಓದೋ ಹೆಡ್ ಬದಿಗೆ ಹೋಗಿ ಕೂಡತೈತಿ, ಆಮ್ಯಾಲೆ ಮೋಟರ್ ನಿಲ್ಲತೈತಿ. ಇದನ್ನ ಸ್ಲೀಪ್ ಅಂತೀವಿ. ಮತ್ತ ಫೋಲ್ಡರ್ ತೆರೆದ್ರ ಮೋಟರ್ ಪೂರ್ತಿ ವೇಗಕ್ಕ ಬರೋತನಕ ಕಾಯ್ಬೇಕು, ಸಾಮಾನ್ಯವಾಗಿ ಐದಾರು ಸೆಕೆಂಡು, ಕೆಲವು ದೊಡ್ಡ ಡ್ರೈವ್‌ಗೆ ಇನ್ನೂ ಜಾಸ್ತಿ. ಆ ಹೊತ್ತಿನಾಗ ಸಾಫ್ಟ್‌ವೇರ್ ಸುಮ್ನ ಬಾಯಿ ಬಿಟ್ಕೊಂಡು ನಿಲ್ಲತೈತಿ, ನಮಗ ಹ್ಯಾಂಗ್ ಅನಸತೈತಿ.

ಇದನ್ನ ಕೈಯಿಂದನ ತಿಳ್ಕೋಬಹುದು. ಡ್ರೈವ್ ಮ್ಯಾಲೆ ಮೆಲ್ಲಕ ಅಂಗೈ ಇಡ್ರಿ. ತಿರುಗಾಕತ್ತಿದ್ರ ಸಣ್ಣಗ ಜುಂ ಅಂತ ನಡುಕ ಗೊತ್ತಾಗತೈತಿ. ಮಕ್ಕೊಳ್ಳೋ ಹೊತ್ತಿಗೆ ಟಕ್ ಅಂತ ಒಂದ ಸಪ್ಪಳ, ಆಮ್ಯಾಲೆ ನಡುಕ ಇಳಕೋಂತ ಇಳಕೋಂತ ಹೋಗಿ ಪೂರಾ ತಣ್ಣಗಾಗಿಬಿಡತೈತಿ. ಏಳೋವಾಗ ಉಲ್ಟಾ, ಮೊದಲು ನಡುಕ ಏರತೈತಿ, ಕಡೀಕ ಸಣ್ಣ ಟಿಕ್, ಆವಾಗ ಫೋಲ್ಡರ್ ತೆರಿತೈತಿ. ನಮ್ಮ ಹುಡುಗಗ ಈಗ ಇದನ್ನ ಕಲಿಸೀನಿ, ಸ್ಕ್ರೀನ್ ಬೆಳ್ಳಗಾತಂದ್ರ ಕೇಬಲ್ ಮುಟ್ಟಂಗಿಲ್ಲ, ಡ್ರೈವ್ ಮ್ಯಾಲೆ ಕೈ ಇಟ್ಟು ನೋಡ್ತಾನ.

ಇನ್ನೊಂದು ಮಾತು, ನಿಮ್ಮದು ಎಸ್‌ಎಸ್‌ಡಿ, ಅಂದ್ರ ತಟ್ಟಿ ಬದಲು ಚಿಪ್ ಇರೋ ಡ್ರೈವ್ ಆಗಿದ್ರ ಒಳಗ ತಿರುಗೋದು ಏನೂ ಇರಂಗಿಲ್ಲ, ಮೋಟರ್ ಸಮಸ್ಯಾನ ಇಲ್ಲ, ನಿಮಗ ಕೆಳಗಿರೋ ಯುಎಸ್‌ಬಿ ಭಾಗ ಅಷ್ಟ ಸಾಕು.

ಯಾರು ಮಲಗಸಾಕತ್ತಾರ ಅಂತ ಹಿಡೀರಿ

ಬಹಳ ಮಂದಿ ಇಲ್ಲೇ ಎಡವ್ತಾರ. ಒಂದು ಸೆಟ್ಟಿಂಗ್ ಬದಲಿಸ್ತಾರ, ಕೆಲಸ ಆಗಂಗಿಲ್ಲ, ಡ್ರೈವ್ ಕೆಟ್ಟೈತಿ ಅಂತ ಕೂಡ್ತಾರ. ಡ್ರೈವ್ ಮಲಗಸೋರು ಮೂವರು ಅದಾರ: ಒಂದು ವಿಂಡೋಸ್‌ನ ಡಿಸ್ಕ್ ಟೈಮರ್, ಎರಡು ಯುಎಸ್‌ಬಿ ಪೋರ್ಟಿನ ಕರೆಂಟ್ ಉಳಿಸೋ ಸೆಟ್ಟಿಂಗ್, ಮೂರು ಡ್ರೈವ್ ಡಬ್ಬಿಯೊಳಗಿನ ಸಣ್ಣ ಬೋರ್ಡಿಂದ ಸ್ವಂತ ಟೈಮರ್. ಮೂವರಾಗ ಯಾರಿಗೆ ಮೊದಲು ಟೈಮ್ ಆಗತೈತೋ ಅವರು ಮಲಗಸ್ತಾರ, ಉಳಿದಿಬ್ರು ಎಷ್ಟ ಹೇಳಿದ್ರೂ ಉಪಯೋಗಿಲ್ಲ.

ಹಿಡಿಯಾಕ ಒಂದು ಸರಳ ಪರೀಕ್ಷೆ ಮಾಡ್ರಿ. ಡ್ರೈವ್‌ನಾಗಿಂದು ಒಂದು ಫೈಲ್ ತೆರೆದು ಮುಚ್ರಿ, ಮೊಬೈಲ್‌ನಾಗ ಸ್ಟಾಪ್‌ವಾಚ್ ಹಚ್ರಿ, ಡ್ರೈವ್ ತಂಟೆಗೆ ಹೋಗಬ್ಯಾಡ್ರಿ, ಟಕ್ ಅಂದ ಟೈಮ್ ಬರ್ಕೊಳ್ರಿ. ಹೆಚ್ಚುಕಡಿಮಿ 20 ನಿಮಿಷಕ್ಕ ಮಕ್ಕೊಂಡ್ರ ಅದು ವಿಂಡೋಸ್ ಕೆಲಸ ಇರಬಹುದು, ಯಾಕಂದ್ರ ಕರೆಂಟ್ ಮ್ಯಾಲೆ ನಡೆಯೋ ಮಶೀನ್‌ಗೆ ವಿಂಡೋಸ್ ಮೊದಲಿಂದ ಇಟ್ಟಿರೋ ಟೈಮು ಸಾಮಾನ್ಯವಾಗಿ 20 ನಿಮಿಷ. ಅದಕ್ಕಿಂತ ಮೊದಲ ಮಕ್ಕೊಂಡ್ರ ಲ್ಯಾಪ್‌ಟಾಪ್ ಬ್ಯಾಟರಿ ಮ್ಯಾಲಿತ್ತೇನು ನೋಡ್ರಿ, ಇಲ್ಲಂದ್ರ ಡ್ರೈವಿನ ಸ್ವಂತ ಟೈಮರ್ ಮ್ಯಾಲೆ ಡೌಟ್ ಇಡ್ರಿ. ಮಕ್ಕೊಳ್ಳೋದಷ್ಟ ಅಲ್ಲ, ಡ್ರೈವ್ ಲಿಸ್ಟಿನಿಂದನ ಮಾಯ ಆಗಿ ಟಿಂಗ್ ಅಂತ ಯುಎಸ್‌ಬಿ ತಗದ ಸಪ್ಪಳ ಬಂದ್ರ ಅದು ಪೋರ್ಟು ಇಲ್ಲಾ ಕೇಬಲ್ ಸಮಸ್ಯೆ.

ವಿಂಡೋಸ್ ಟೈಮರ್ ಬದಲಿಸೋದು

ಸ್ಟಾರ್ಟ್ ಒತ್ತಿ "ಎಡಿಟ್ ಪವರ್ ಪ್ಲಾನ್" ಅಂತ ಹುಡುಕ್ರಿ, ಬಂದಿದ್ದನ್ನ ತೆರೀರಿ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಚೇಂಜ್ ಪ್ಲಾನ್ ಸೆಟ್ಟಿಂಗ್ಸ್ ದಾರಿಯಿಂದ ಹೋದ್ರೂ ಅಲ್ಲಿಗೇ ಬರ್ತೀರಿ. ಕೆಳಗ "ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್" ಅಂತ ನೀಲಿ ಅಕ್ಷರದಾಗ ಇರ್ತೈತಿ, ಅದನ್ನ ಒತ್ರಿ. ಸಣ್ಣ ಕಿಟಕಿ ಬರ್ತೈತಿ. ಅದರಾಗ "ಹಾರ್ಡ್ ಡಿಸ್ಕ್" ಪಕ್ಕದ ಪ್ಲಸ್ ಒತ್ರಿ, "ಟರ್ನ್ ಆಫ್ ಹಾರ್ಡ್ ಡಿಸ್ಕ್ ಆಫ್ಟರ್" ತೆರೀರಿ, ನಿಮಿಷ ಹಾಕ್ರಿ, ಅಪ್ಲೈ ಒತ್ತಿ ಓಕೆ ಮಾಡ್ರಿ. ಲ್ಯಾಪ್‌ಟಾಪ್ ಆದ್ರ "ಆನ್ ಬ್ಯಾಟರಿ" ಬ್ಯಾರೆ, "ಪ್ಲಗ್ಡ್ ಇನ್" ಬ್ಯಾರೆ, ಎರಡೂ ನೋಡ್ರಿ. 0 ಹಾಕಿದ್ರ "ನೆವರ್" ಅಂತ ಆಗತೈತಿ, ಅಂದ್ರ ವಿಂಡೋಸ್ ತಾನಾಗಿ ಎಂದೂ ಮಲಗಸಂಗಿಲ್ಲ.

ಇಲ್ಲೇ ನನ್ನ ಅಭಿಪ್ರಾಯ ಹೇಳ್ತೀನಿ. ಯೂಟ್ಯೂಬ್‌ನಾಗ ಎಲ್ರೂ "ನೆವರ್ ಹಾಕ್ರಿ, ಮುಗೀತು" ಅಂತಾರ. ನಾನು ಹಾಕಂಗಿಲ್ಲ. ನಮ್ಮ ಕಡೆ ಬ್ಯಾಸಿಗಿ ಹೆಂಗಿರ್ತೈತಿ ನಿಮಗ ಗೊತ್ತೈತಿ, ಏಪ್ರಿಲ್ ಮೇ ಒಳಗ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ 40 ಡಿಗ್ರಿ ದಾಟತೈತಿ, ತಗಡಿನ ಅಂಗಡಿ ಒಳಗ ಇನ್ನೂ ಜಾಸ್ತಿ. ಎಷ್ಟೋ ಪಾಕೆಟ್ ಡ್ರೈವ್‌ಗಳಿಗೆ ಕಂಪನಿಯವರು ಹೇಳೋದು ಸುತ್ತಲಿನ ಗಾಳಿ 35 ಡಿಗ್ರಿ ಒಳಗ ಇರಬೇಕು ಅಂತ. ಅಂಥಾದ್ರಾಗ ಊಟಕ್ಕ ಹೋದಾಗೂ, ಗಿರಾಕಿ ಇಲ್ಲದ ಹೊತ್ತಿನಾಗೂ ಅದನ್ನ ತಿರುಗಿಸ್ಕೋಂತ ಕೂತ್ರ ಬಿಸಿ ಏರಿ ಏರಿ ಸಾಯತೈತಿ. ನಾನು 60 ನಿಮಿಷ ಇಟ್ಟೀನಿ. ಕೆಲಸದ ನಡುವ ಮಕ್ಕೊಳ್ಳಂಗಿಲ್ಲ, ಮಧ್ಯಾಹ್ನ ಮನಿಗೆ ಹೋದ್ರ ತಾನ ಮಕ್ಕೊಳ್ತೈತಿ. ರಾತ್ರಿಯೆಲ್ಲಾ ವಿಡಿಯೋ ರೆಂಡರ್ ಹಚ್ಚೋರು, ದೊಡ್ಡ ಕಾಪಿ ಹಾಕೋರು ಸುದ್ದಾ ಹೆದರಬ್ಯಾಡ್ರಿ, ಡ್ರೈವ್ ಓದ್ಕೋಂತ ಬರ್ಕೋಂತ ಇರೋವಾಗ ಟೈಮರ್ ಶುರುನ ಆಗಂಗಿಲ್ಲ, ಕೆಲಸ ನಿಂತಮ್ಯಾಲೆ ಅಷ್ಟ ಎಣಸತೈತಿ.

ಯುಎಸ್‌ಬಿ ಪೋರ್ಟ್

ಅದ ಸಣ್ಣ ಕಿಟಕಿಯಾಗ "ಯುಎಸ್‌ಬಿ ಸೆಟ್ಟಿಂಗ್ಸ್" ತೆರೆದು "ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್" ಅನ್ನೋದನ್ನ ಡಿಸೇಬಲ್ ಮಾಡ್ರಿ. ಕೆಲವು ಹೊಸ ಲ್ಯಾಪ್‌ಟಾಪ್‌ನಾಗ ಇದು ಕಾಣಂಗನ ಇಲ್ಲ, ಗಾಬರಿ ಬ್ಯಾಡ. ಡಿವೈಸ್ ಮ್ಯಾನೇಜರ್ ತೆರೀರಿ, ಕೆಳಗ "ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್" ಒಳಗ "ಯುಎಸ್‌ಬಿ ರೂಟ್ ಹಬ್" ಅಂತ ಒಂದೋ ಎರಡೋ ನಾಲ್ಕೋ ಇರ್ತಾವು, ಒಂದೊಂದನ್ನೂ ಡಬಲ್ ಕ್ಲಿಕ್ ಮಾಡಿ "ಪವರ್ ಮ್ಯಾನೇಜ್‌ಮೆಂಟ್" ಟ್ಯಾಬ್‌ನಾಗ "ಕರೆಂಟ್ ಉಳಿಸಾಕ ಈ ಡಿವೈಸ್ ಬಂದ್ ಮಾಡಾಕ ಕಂಪ್ಯೂಟರ್‌ಗೆ ಬಿಡು" ಅನ್ನೋ ಅರ್ಥದ ಟಿಕ್ ಇರ್ತೈತಿ, ಆ ಟಿಕ್ ತಗೀರಿ. ವಿಂಡೋಸ್ 11 ಲ್ಯಾಪ್‌ಟಾಪ್ ಇದ್ದೋರು ಸೆಟ್ಟಿಂಗ್ಸ್, ಬ್ಲೂಟೂತ್ ಆಂಡ್ ಡಿವೈಸಸ್, ಯುಎಸ್‌ಬಿ ಒಳಗ "ಯುಎಸ್‌ಬಿ ಬ್ಯಾಟರಿ ಸೇವರ್" ಅನ್ನೋದನ್ನೂ ಆಫ್ ಮಾಡ್ರಿ, ಇಲ್ಲಂದ್ರ ಸ್ಕ್ರೀನ್ ಆಫ್ ಆದಾಗ ಅದು ತನ್ನ ಕೆಲಸ ಮಾಡತೈತಿ.

ಸೆಟ್ಟಿಂಗ್ ಎಲ್ಲಾ ಸರಿ ಇದ್ದೂ ಡ್ರೈವ್ ಏಳೋವಾಗ ಕಟ್ ಆಗಾಕತ್ತಿದ್ರ ಕರೆಂಟ್ ಸಾಲವಲ್ದು ಅಂತ ತಿಳೀರಿ. ನಿಂತ ಮೋಟರ್ ಹೊಂಡಾಕ ತಿರುಗೋ ಮೋಟರ್‌ಗಿಂತ ಜಾಸ್ತಿ ಕರೆಂಟ್ ಬೇಕು, ನಿಂತ ಎತ್ತಿನಗಾಡಿ ತಳ್ಳಿದಂಗ. ಹಳೇ ಯುಎಸ್‌ಬಿ 2.0 ಪೋರ್ಟ್ ಲೆಕ್ಕಪ್ರಕಾರ ಕೊಡೋದು 500 ಮಿಲಿಆಂಪಿಯರ್, ಯುಎಸ್‌ಬಿ 3.0 ಪೋರ್ಟ್, ಅಂದ್ರ ಹೆಚ್ಚಾಗಿ ಒಳಗ ನೀಲಿ ಬಣ್ಣ ಇರ್ತೈತಲ್ಲ ಅದು, 900. ಹಂಗಾಗಿ ಸಿಪಿಯು ಮುಂದಿನ ಪೋರ್ಟಿಗೆ, ಅಗ್ಗದ ಹಬ್‌ಗೆ, ಉದ್ದನೆ ಎಕ್ಸ್‌ಟೆನ್ಷನ್ ಕೇಬಲ್‌ಗೆ ಹಾಕಬ್ಯಾಡ್ರಿ. ಹಿಂದ ಮದರ್‌ಬೋರ್ಡಿಗೆ ಸೀದಾ ಇರೋ ನೀಲಿ ಪೋರ್ಟಿಗೆ, ಡ್ರೈವ್ ಜೊತಿಗೆ ಬಂದ ಸಣ್ಣ ಕೇಬಲ್‌ನಿಂದನ ಹಾಕ್ರಿ. ನಮ್ಮ ಅಂಗಡಿಯಾಗ ಅರ್ಧ ಸಮಸ್ಯೆ ಇಷ್ಟಕ್ಕ ಹೋತು.

ಕೇಬಲ್ ತುದಿ ಸುದ್ದಾ ನೋಡ್ರಿ. ಕಾರ್ಖಾನಿ ಇರೋ ಗಿಣಿಗೇರಿ ಕಡೆ ಇರೋರಿಗೆ ಗೊತ್ತು, ಕರಿ ಧೂಳು ಒಂದ ದಿನಕ್ಕ ಟೇಬಲ್ ಮ್ಯಾಲೆ ಪದರ ಕೂಡತೈತಿ. ಡಿಸ್ಕ್ ಒಳಗ ಆ ಧೂಳು ಹೋಗಂಗಿಲ್ಲ, ಗಾಳಿ ಆಡೋ ಸಣ್ಣ ತೂತಿಗೂ ಫಿಲ್ಟರ್ ಇರ್ತೈತಿ. ಆದ್ರ ಕೇಬಲ್ ಚುಚ್ಚೋ ಜಾಗದಾಗ ಕೂತು ಕನೆಕ್ಷನ್ ಲೂಸ್ ಮಾಡತೈತಿ. ಒಣ ಬ್ರಷ್‌ನಿಂದ ಮೆಲ್ಲಕ ಝಾಡಸ್ರಿ, ಬಾಯಿಂದ ಊದಬ್ಯಾಡ್ರಿ, ಉಗುಳಿನ ಪಸಿ ಹೋಗತೈತಿ.

ಏಳೋವಾಗ ಒಂದ ಸಲ ಟಿಕ್ ಅಂದ್ರ ಸರಿ. ಟಕ್ ಟಕ್ ಟಕ್ ಅಂತ ನಿಲ್ಲದಂಗ ಬಡ್ಕೊಂಡ್ರ ಮೊದಲು ಪೋರ್ಟು, ಕೇಬಲ್ ಬದಲಿಸ್ರಿ. ಆದಮ್ಯಾಲೂ ಬಡ್ಕೊಂಡ್ರ ಸ್ಲೀಪ್ ಸೆಟ್ಟಿಂಗ್ ಮಾತ ಬಿಡ್ರಿ, ಡ್ರೈವ್ ಹೋಗಾಕ ಬಂದೈತಿ. ತೆರಿಯಾಕತ್ತಿದ್ರ ಮುಖ್ಯ ಫೈಲ್ ಮೊದಲು ಬ್ಯಾರೆ ಕಡೆ ಕಾಪಿ ಮಾಡ್ಕೊಳ್ರಿ, ತೆರಿಯಂಗಿಲ್ಲಂದ್ರ ಪದೇಪದೇ ಹಚ್ಚಿ ನೋಡಬ್ಯಾಡ್ರಿ, ರಿಕವರಿ ಮಾಡೋರ ಕಡೆ ಒಯ್ರಿ.

ಡ್ರೈವಿನ ಸ್ವಂತ ಟೈಮರ್

ವಿಂಡೋಸ್‌ನಾಗ ನೆವರ್ ಹಾಕಿದ್ರೂ ಡ್ರೈವ್ ಮಕ್ಕೊಳ್ತೈತಿ ಅಂದ್ರ ಇದ. ಡಬ್ಲ್ಯುಡಿ ಪಾಸ್‌ಪೋರ್ಟ್ ಥರದ್ದು ಇದ್ರ ಡಬ್ಲ್ಯುಡಿ ಡ್ರೈವ್ ಯುಟಿಲಿಟೀಸ್ ಅನ್ನೋ ಸಾಫ್ಟ್‌ವೇರ್ ಕಂಪನಿ ಸೈಟ್‌ನಿಂದನ ಇಳಿಸ್ಕೊಳ್ರಿ, ಅದರಾಗ "ಸ್ಲೀಪ್ ಟೈಮರ್" ಸಿಕ್ರ ಅಲ್ಲಿ ಟೈಮ್ ಜಾಸ್ತಿ ಮಾಡ್ರಿ ಇಲ್ಲಾ ಆಫ್ ಮಾಡ್ರಿ. ಬ್ಯಾರೆ ಕಂಪನಿ ಡ್ರೈವ್ ಆದ್ರ ನಿಮ್ಮ ಮಾಡೆಲ್ ನಂಬರ್ ಹಾಕಿ ಅವರ ಸೈಟ್‌ನಾಗ ನೋಡ್ರಿ. ಕೆಲವು ಡ್ರೈವ್‌ಗೆ ಬದಲಿಸಾಕ ದಾರಿನ ಇರಂಗಿಲ್ಲ.

ದಾರಿ ಇಲ್ಲದ ಡ್ರೈವ್‌ಗೆ ಮಂದಿ ಒಂದು ಉಪಾಯ ಮಾಡ್ತಾರ, ನಿಮಿಷಕ್ಕೊಮ್ಮೆ ಒಂದು ಸಣ್ಣ ಫೈಲ್ ಬರಿಯೋ ಪ್ರೋಗ್ರಾಂ ಹಾಕಿ ಡ್ರೈವ್ ಮಲಗದಂಗ ಇಡ್ತಾರ. ಕೆಲಸದ ಹೊತ್ತಿನಾಗ ಅಷ್ಟ ಹಾಕೋದಾದ್ರ ತಪ್ಪಿಲ್ಲ, ಅಂಗಡಿ ಮುಚ್ಚೋವಾಗ ಅದನ್ನೂ ಬಂದ್ ಮಾಡ್ರಿ.

ಆದ್ರ ಒಂದು ಲೆಕ್ಕ ನೋಡಲೇಬೇಕು. ಮೋಟರ್ ನಿಲ್ಲೋದು ಬ್ಯಾರೆ, ಹೆಡ್ ಬದಿಗೆ ಹೋಗಿ ಕೂಡೋದು ಬ್ಯಾರೆ. ಕೆಲವು ಡ್ರೈವ್ ಮೋಟರ್ ನಿಲ್ಲಸದನ ಹೆಡ್ ಮಾತ್ರ ಪದೇಪದೇ ಬದಿಗಿಡ್ತಾವು, ಆವಾಗ ನಡುಕ ಇರ್ತೈತಿ, ಸಣ್ಣ ಟಿಕ್ ಮಾತ್ರ ಕೇಳತೈತಿ. ಕಂಪನಿಯವರು ಹೆಡ್ ಹಿಂಗ ಹೋಗಿ ಬರೋದಕ್ಕ ಸಾಮಾನ್ಯವಾಗಿ 3 ಲಕ್ಷ ಇಲ್ಲಾ 6 ಲಕ್ಷ ಸಲದ ಲೆಕ್ಕ ಕೊಡ್ತಾರ. ದಿನಾ 10 ತಾಸು ಅಂಗಡಿ, ನಿಮಿಷಕ್ಕೊಂದ ಸಲ ಹೆಡ್ ಹೋಗಿ ಬಂತಂದ್ರ ದಿನಕ್ಕ 600, 3 ಲಕ್ಷ ಮುಗಿಯಾಕ 500 ದಿನ ಸಾಕು. ಅದ ದಿನಕ್ಕ 15 ಸಲ ಆದ್ರ 20,000 ದಿನ, ಅಂದ್ರ 50 ವರ್ಷದ ಮ್ಯಾಲೆ. ಹಂಗಾಗಿ ದಿನಕ್ಕ ಹತ್ತು ಹದಿನೈದು ಸಲ ಡ್ರೈವ್ ಮಕ್ಕೊಂಡು ಎದ್ರ ಏನೂ ಆಗಂಗಿಲ್ಲ, ಚಿಂತಿ ಬ್ಯಾಡ. ನಿಮಿಷ ಎರಡು ನಿಮಿಷಕ್ಕೊಮ್ಮೆ ಆಗಾಕತ್ತಿದ್ರ ಮಾತ್ರ ಸರಿ ಮಾಡ್ಬೇಕು.

ನಿಮ್ಮ ಡ್ರೈವಿಂದು ಎಷ್ಟಾಗೈತಿ ಅಂತ ನೋಡಾಕ ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಫ್ರೀ ಸಾಫ್ಟ್‌ವೇರ್ ಹಾಕ್ರಿ. ಮ್ಯಾಲೆ ನಿಮ್ಮ ಎಕ್ಸ್‌ಟರ್ನಲ್ ಡ್ರೈವ್ ಆರಿಸಿ, ಲಿಸ್ಟಿನಾಗ ಸಿ1 ಅನ್ನೋ ಸಾಲು ನೋಡ್ರಿ, "ಲೋಡ್/ಅನ್‌ಲೋಡ್ ಸೈಕಲ್ ಕೌಂಟ್". ಅಲ್ಲಿ ನಂಬರ್ ಮೊದಲು ಅಕ್ಷರ ಕೂಡಿಸ್ಕೊಂಡು ವಿಚಿತ್ರ ಕಾಣತೈತಿ, ಫಂಕ್ಷನ್ ಮೆನು, ಅಡ್ವಾನ್ಸ್ಡ್ ಫೀಚರ್, ರಾ ವ್ಯಾಲ್ಯೂಸ್ ಒಳಗ ಹೋಗಿ 10 ಅಂತ ಇರೋದನ್ನ ಆರಿಸಿದ್ರ ನಮ್ಮ ಲೆಕ್ಕದ ನಂಬರ್ ಬರ್ತೈತಿ. ಮುಂಜಾನೆ ಒಮ್ಮೆ ಬರ್ಕೊಳ್ರಿ, ಸಂಜಿಗೆ ಒಮ್ಮೆ ಬರ್ಕೊಳ್ರಿ, ಕಳೀರಿ. ನೋಡಿದಮ್ಯಾಲೆ ಆ ಸಾಫ್ಟ್‌ವೇರ್ ಮುಚ್ಚಿಬಿಡ್ರಿ, ತೆರೆದಿಟ್ರ ಅದ ಆಗಾಗ ಡ್ರೈವ್ ಕೇಳ್ಕೋಂತ ಮಲಗಾಕ ಬಿಡಂಗಿಲ್ಲ, ನಿಮ್ಮ ಪರೀಕ್ಷೆ ಕೆಡತೈತಿ.

ಉಲ್ಟಾ ಸಮಸ್ಯೆ, ಮಕ್ಕೊಳ್ಳದ ಡ್ರೈವ್

ಟೈಮರ್ ಇಟ್ರೂ ದಿನಾಪೂರ್ತಿ ತಿರುಗೋ ಡ್ರೈವ್‌ಗಳೂ ಅದಾವು. ಹೆಚ್ಚಾಗಿ ವಿಂಡೋಸ್‌ನ ಇಂಡೆಕ್ಸಿಂಗ್, ಅಂದ್ರ ಬೇಗ ಹುಡುಕಾಕ ಫೈಲ್‌ಗಳ ಪಟ್ಟಿ ಮಾಡಿಡೋದು, ಇಲ್ಲಾ ಆಂಟಿವೈರಸ್ ಸ್ಕ್ಯಾನ್ ಕಾರಣ. ಡ್ರೈವ್ ಮ್ಯಾಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅದರಾಗ ಫೈಲ್ ಒಳಗಿನ ವಿಷಯ ಇಂಡೆಕ್ಸ್ ಮಾಡೋ ಟಿಕ್ ಇರ್ತೈತಿ, ತಗೀರಿ. ಆಂಟಿವೈರಸ್ ಸ್ಕ್ಯಾನ್ ಟೈಮ್ ಅಂಗಡಿ ತೆರಿಯೋ ಹೊತ್ತಿಗೆ ಇಡ್ರಿ, ಬಂದ್ ಮಾತ್ರ ಮಾಡಬ್ಯಾಡ್ರಿ, ಊರ ತುಂಬ ಪೆನ್‌ಡ್ರೈವ್ ಬರ್ತಾವು ನಮ್ಮ ಅಂಗಡಿಗಳಿಗೆ.

ಇನ್ನೊಂದು ನನಗ ಭಾಳ ದಿನ ಗೊತ್ತಾಗಿದ್ದಿಲ್ಲ. ಫೈಲ್ ಡೆಸ್ಕ್‌ಟಾಪ್ ಮ್ಯಾಲೆ ಐತಿ, ಆದ್ರೂ ಓಪನ್ ಒತ್ತಿದ್ರ ಹ್ಯಾಂಗ್. ಯಾಕಂದ್ರ ಓಪನ್, ಸೇವ್ ಆ್ಯಸ್ ಕಿಟಕಿ ಬರೋವಾಗ ಎಲ್ಲಾ ಡ್ರೈವ್ ಲಿಸ್ಟ್ ತೋರಸ್ಬೇಕು, ಹಿಂದಿನ ಸಲ ತೆರೆದ ಫೋಲ್ಡರ್ ಹುಡುಕ್ಬೇಕು, ಆವಾಗ ಮಕ್ಕೊಂಡಿರೋ ಡ್ರೈವನ್ನೂ ಎಬ್ಬಸತೈತಿ. ಅದಕ್ಕ ನಾನು ಗಿರಾಕಿ ಒಳಗ ಬರೋದು ನೋಡಿದ ಕೂಡ್ಲೆ, ಅವರು ಕುರ್ಚಿ ಮ್ಯಾಲೆ ಕೂಡೋದ್ರೊಳಗ, ಡ್ರೈವ್ ಮ್ಯಾಲೆ ಡಬಲ್ ಕ್ಲಿಕ್ ಮಾಡಿ ಎಬ್ಬಿಸಿಟ್ಟಿರ್ತೀನಿ.

ಮ್ಯಾಕ್, ಲಿನಕ್ಸ್ ಇದ್ದೋರಿಗೆ

ಮ್ಯಾಕ್‌ನಾಗ ಸಿಸ್ಟಮ್ ಸೆಟ್ಟಿಂಗ್ಸ್ ಒಳಗ, ಡೆಸ್ಕ್‌ಟಾಪ್ ಆದ್ರ ಎನರ್ಜಿ, ಲ್ಯಾಪ್‌ಟಾಪ್ ಆದ್ರ ಬ್ಯಾಟರಿ ಒಳಗಿನ ಆಪ್ಷನ್ಸ್‌ನಾಗ "ಪುಟ್ ಹಾರ್ಡ್ ಡಿಸ್ಕ್ಸ್ ಟು ಸ್ಲೀಪ್ ವೆನ್ ಪಾಸಿಬಲ್" ಅಂತ ಐತಿ, ಅದನ್ನ ಆಫ್ ಮಾಡ್ರಿ. ಉಬುಂಟುದಾಗ ಡಿಸ್ಕ್ಸ್ ಅನ್ನೋ ಆ್ಯಪ್ ತೆರೆದು ಡ್ರೈವ್ ಆರಿಸಿ, ಮೆನುದಾಗ ಡ್ರೈವ್ ಸೆಟ್ಟಿಂಗ್ಸ್, ಸ್ಟ್ಯಾಂಡ್‌ಬೈ ಟೈಮ್ ಇಡ್ರಿ. ಲಿನಕ್ಸ್‌ನಾಗ ಡ್ರೈವ್ ಸೆಟ್ಟಿಂಗ್ ಬದಲಿಸೋ ಎಚ್‌ಡಿಪಾರ್ಮ್ ಕಮಾಂಡ್ ಬಳಸೋರಿಗೆ ಒಂದು ಎಚ್ಚರಿಕೆ: ದೊಡ್ಡ ಎಸ್ ಮುಂದ ಕೊಡೋ ನಂಬರ್ ನಿಮಿಷ ಅಲ್ಲ. 240ರ ತನಕ ಒಂದೊಂದಕ್ಕ 5 ಸೆಕೆಂಡ್, ಅಂದ್ರ 240 ಕೊಟ್ರ 20 ನಿಮಿಷ. 241 ಕೊಟ್ರ ಒಮ್ಮೆಲೆ 30 ನಿಮಿಷ, 242 ಕೊಟ್ರ 1 ತಾಸು. 60 ನಿಮಿಷ ಅಂತ ತಿಳ್ಕೊಂಡು 60 ಕೊಟ್ರ 5 ನಿಮಿಷಕ್ಕ ಮಕ್ಕೊಳ್ತೈತಿ. ಕೆಲವು ಯುಎಸ್‌ಬಿ ಡಬ್ಬಿಗಳು ಈ ಮಾತನ್ನ ಡ್ರೈವ್‌ತನಕ ಮುಟ್ಟಸಂಗನ ಇಲ್ಲ, ಕೊಟ್ಟಮ್ಯಾಲೆ ಸ್ಟಾಪ್‌ವಾಚ್ ಹಿಡಿದು ನೋಡ್ರಿ.

ಕೇಬಲ್ ತಗಿಯೋದು, ಕಂಪ್ಯೂಟರ್ ಮಲಗಸೋದು

ಡ್ರೈವ್ ತಣ್ಣಗ ಮಕ್ಕೊಂಡೈತಿ ಅಂತ ಕಿತ್ತಬ್ಯಾಡ್ರಿ, ಫೈಲ್ ಇನ್ನೂ ತೆರೆದಿರಬಹುದು. ಸೇಫ್ಲಿ ರಿಮೂವ್ ಒತ್ರಿ, ಒತ್ತಿದಾಗ ಡ್ರೈವ್ ಒಮ್ಮೆ ಎದ್ದು ಮತ್ತ ಮಕ್ಕೊಳ್ಳಬಹುದು, ಅದು ಮುಗಿಯೋತನಕ ಬಿಡ್ರಿ. ವಿಂಡೋಸ್ 10ರ 2018ರ ಅಪ್‌ಡೇಟ್, 1809 ಅಂತಾರಲ್ಲ, ಅದರಿಂದ ಯುಎಸ್‌ಬಿ ಡ್ರೈವ್‌ಗೆ "ಕ್ವಿಕ್ ರಿಮೂವಲ್", ಅಂದ್ರ ಸೇಫ್ಲಿ ರಿಮೂವ್ ಒತ್ತದ ತಗಿಯಾಕ ಬರೋ ಸೆಟ್ಟಿಂಗ್, ಮೊದಲಿಂದನ ಹಾಕಿರ್ತಾರ, ಹಂಗಂತ ಬರಿಯೋವಾಗ ಕಿತ್ರ ನಡಿತೈತಿ ಅಂತ ಅಲ್ಲ, ನಮ್ಮ ಫೋಲ್ಡರ್ ಹೋಗಿದ್ದು ಆ ಸೆಟ್ಟಿಂಗ್ ಇದ್ದಾಗನ.

ಕಂಪ್ಯೂಟರನ್ನ ಸ್ಲೀಪ್‌ಗೆ ಹಾಕೋವಾಗ ಡ್ರೈವ್‌ನಾಗಿನ ಫೈಲ್ ತೆರೆದಿಟ್ಟು ಹಾಕಬ್ಯಾಡ್ರಿ. ಕೆಲವು ಮಶೀನ್ ಸ್ಲೀಪ್‌ನಾಗ ಪೋರ್ಟಿನ ಕರೆಂಟ್ ಕಟ್ ಮಾಡ್ತಾವು, ಎದ್ದಾಗ ಡ್ರೈವ್ ಹೊಸದಾಗಿ ಬಂದಂಗ ಆಗತೈತಿ, ತೆರೆದ ಫೈಲ್ ಸೇವ್ ಆಗಂಗಿಲ್ಲ. ಅದ ಕಾರಣಕ್ಕ ಡೆಸ್ಕ್‌ಟಾಪ್‌ಗೆ ಯುಪಿಎಸ್ ಬೇಕ ಬೇಕು, ನಮ್ಮ ಕಡೆ ಕರೆಂಟ್ ಹೇಳಿ ಹೋಗಂಗಿಲ್ಲ. ಇನ್ನ ಶಟ್‌ಡೌನ್ ಮಾಡಿದ್ರೂ ಎಷ್ಟೋ ಸಿಪಿಯುಗಳ ಪೋರ್ಟಿನಾಗ ಕರೆಂಟ್ ಇದ್ದ ಇರ್ತೈತಿ, ಡ್ರೈವ್ ಲೈಟ್ ರಾತ್ರಿಯೆಲ್ಲಾ ಉರೀತೈತಿ, ಮನಿಗೆ ಹೋಗೋವಾಗ ತಗದು ಡ್ರಾದಾಗ ಇಡ್ರಿ.

ಇವೆಲ್ಲಾ ಮಾಡಿದಮ್ಯಾಲೂ ಎರಡನೇ ಕಾಪಿ ಬೇಕು. ನಾನು ಶನಿವಾರ ಸಂಜಿಗೆ ಇನ್ನೊಂದು ಡ್ರೈವ್‌ಗೆ ಆ ವಾರದ ಫೋಲ್ಡರ್ ಹಾಕಿ ಮನಿಗೆ ಒಯ್ತೀನಿ.

ಕಡೀಗೊಂದು, ವಿಂಡೋಸ್‌ನಾಗ ನೀವು ಇಟ್ಟ ಟೈಮು ಆ ಪವರ್ ಪ್ಲಾನ್‌ಗೆ ಮಾತ್ರ ಸೇರಿದ್ದು. ಬ್ಯಾಲೆನ್ಸ್ಡ್ ಒಳಗ 60 ಇಟ್ಟು, ಆಮ್ಯಾಲೆ ಯಾರೋ ಪವರ್ ಸೇವರ್ ಆರಿಸಿದ್ರ ಅದರ ಹಳೇ ಟೈಮ್ ನಡಿತೈತಿ. ಮಶೀನ್ ರಿಪೇರಿಗೆ ಹೋಗಿ ಬಂದ್ರ, ದೊಡ್ಡ ಅಪ್‌ಡೇಟ್ ಆದ್ರ ಒಮ್ಮೆ ತೆರೆದು ನೋಡ್ರಿ. ನಾನು ಸಿಪಿಯು ಬದಿಗೆ ಒಂದು ಸ್ಟಿಕ್ಕರ್ ಹಚ್ಚೀನಿ: "ಡಿಸ್ಕ್ 60, ಯುಎಸ್‌ಬಿ ಸಸ್ಪೆಂಡ್ ಆಫ್, ಹಿಂದಿನ ನೀಲಿ ಪೋರ್ಟು". ಕೆಳಗ ನಮ್ಮ ಹುಡುಗ ತಾನ ಬರದಾನ, "ಬೆಳ್ಳಗಾದ್ರ 30 ಎಣಸು".